ಮುಸುಕಿನ ಜೋಳ ಬೆಳೆದವರ ನೆಲ

ನಿಮ್ಮ ಹೊಲದ ಮುಸುಕಿನ ಜೋಳ, ಹಿತ್ತಲಿನ ಹುರುಳಿಕಾಯಿ (ಬೀನ್ಸ್), ಸಿಹಿಗುಂಬಳ ಈ ಮೂರೂ ಮೂಲತಃ ಅಮೆರಿಕ ಖಂಡದ ಬೆಳೆಗಳು. ಈ ಮೂರನ್ನು ಒಟ್ಟಾಗಿ ಬೆಳೆದು ಬದುಕು ಕಟ್ಟಿಕೊಂಡವರಲ್ಲಿ ಹೊಡೆನೊಶೋನಿ ಜನರು ಪ್ರಮುಖರು. ಹೆಸರಿನ ಅರ್ಥ ‘ಉದ್ದನೆಯ ಮನೆಯ ಜನ’. ಇಂದಿನ ನ್ಯೂಯಾರ್ಕ್ ರಾಜ್ಯದಲ್ಲಿ ಮೋಹಾಕ್, ಒನೈಡ, ಒನೊಂಡಾಗ, ಕಯೂಗ, ಸೆನೆಕ ಎಂಬ ಐದು ಜನಾಂಗಗಳು ಕೂಡಿ ಒಕ್ಕೂಟ ಮಾಡಿಕೊಂಡಿದ್ದವು. 1722ರ ಸುಮಾರಿಗೆ ಟಸ್ಕರೋರ ಜನಾಂಗ ಸೇರಿ ಆರಾದವು. ಫ್ರೆಂಚರು ಇವರನ್ನು ಇರೊಕ್ವಾ ಎಂದು ಕರೆದರು.

ಗುಡ್ಡೆ ಬೇಸಾಯ

ಇವರಲ್ಲಿ ನೇಗಿಲೂ ಇರಲಿಲ್ಲ, ಎತ್ತೂ ಇರಲಿಲ್ಲ. ಕೈಸಲಕರಣೆಯಿಂದಲೇ ಮಣ್ಣನ್ನು ಸಣ್ಣ ಸಣ್ಣ ಗುಡ್ಡೆಗಳಾಗಿ ಏರಿಸಿ, ಪ್ರತಿ ಗುಡ್ಡೆಗೆ ನಾಲ್ಕಾರು ಜೋಳದ ಕಾಳು ಹಾಕುತ್ತಿದ್ದರು. ಜೋಳ ಮೇಲೆದ್ದ ನಂತರ ಹುರುಳಿಕಾಯಿ ಬೀಜ, ನಡುವಿನ ಜಾಗಕ್ಕೆ ಕುಂಬಳ. ಜೋಳದ ದಂಟೇ ಬಳ್ಳಿಗೆ ಆಸರೆ. ಕುಂಬಳದ ಅಗಲವಾದ ಎಲೆ ನೆಲ ಮುಚ್ಚುವುದರಿಂದ ಕಳೆ ತಗ್ಗಿ ತೇವ ಉಳಿಯುತ್ತಿತ್ತು. ಹುರುಳಿಕಾಯಿಯ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಆದರೆ ಅದರ ಹೆಚ್ಚಿನ ಲಾಭ ಅದೇ ಹಂಗಾಮಿನ ಜೋಳಕ್ಕಲ್ಲ, ಬಳ್ಳಿ ಕೊಳೆತ ಮೇಲೆ ಮುಂದಿನ ಬೆಳೆಗೆ ಎಂಬುದನ್ನು ಗಮನಿಸಬೇಕು.

ನೇಗಿಲಿಲ್ಲದ್ದು ಹಿಂದುಳಿದ ಬೇಸಾಯವೆಂದು ಬಹುಕಾಲ ಬರೆದುಕೊಂಡು ಬಂದರು. ಕಾರ್ನೆಲ್ ವಿಶ್ವವಿದ್ಯಾನಿಲಯದ ಜೇನ್ ಮೌಂಟ್ ಪ್ಲೆಸೆಂಟ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. 17 ಮತ್ತು 18ನೇ ಶತಮಾನಗಳಲ್ಲಿ ಇವರ ಎಕರೆವಾರು ಜೋಳದ ಇಳುವರಿ, ಆಗಿನ ಯುರೋಪಿನ ಗೋಧಿ ಇಳುವರಿಯ ಮೂರರಿಂದ ಐದು ಪಟ್ಟು ಇತ್ತೆಂದು ಅವರ ಲೆಕ್ಕ. ಉಳುಮೆಯಿಲ್ಲದ್ದರಿಂದ ಮಣ್ಣಿನ ಸಾವಯವ ಅಂಶ ಬೇಗ ಕರಗದೆ ಉಳಿಯಿತು ಎಂಬುದು ಮುಖ್ಯ ಕಾರಣಗಳಲ್ಲೊಂದು. ಒಂದೊಂದು ತಲೆಮಾರಿಗೆ ಒಮ್ಮೆ, ಸೌದೆ ದೂರವಾಗಿ ಹೊಲ ಸೊರಗಿದಾಗ, ಊರನ್ನೇ ಬೇರೆಡೆಗೆ ಸಾಗಿಸುವ ರೂಢಿಯೂ ಇತ್ತು.

ಹೊಲ ಯಾರದು? ಬಿತ್ತನೆ, ಕಳೆ, ಕೊಯ್ಲು, ದಾಸ್ತಾನು ಎಲ್ಲವೂ ಹೆಂಗಸರ ಕೈಯಲ್ಲಿದ್ದವು. ಕುಲ ತಾಯಿಯಿಂದ ಬರುತ್ತಿತ್ತು. ಮನೆಯೂ ಹೊಲವೂ ತಾಯಿಯ ಕುಲಕ್ಕೆ ಸೇರಿದ್ದವು. ಉಳಿಮೆದಾರಳಿಗೆ ಬೆಳೆಯ ಮೇಲೆ ಹಕ್ಕು, ನೆಲವನ್ನು ಮಾರುವ ಹಕ್ಕು ಯಾರೊಬ್ಬರಿಗೂ ಇಲ್ಲ. ಮುಂದೆ ಬಂದವರಿಗೆ ಈ ಪದ್ಧತಿ ಅರ್ಥವಾಗಲಿಲ್ಲ, ಅರ್ಥಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಬೆಂಕಿ ಮತ್ತು ಕಾಗದ

1687ರಲ್ಲಿ ಫ್ರೆಂಚ್ ಸೈನ್ಯ ಸೆನೆಕರ ಗನೊಂಡಗನ್ ಊರಿನ ಬೆಳೆಯನ್ನೂ ಕಣಜವನ್ನೂ ನಾಶ ಮಾಡಿತು. 1779ರಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಡುವೆ, ಜಾರ್ಜ್ ವಾಷಿಂಗ್ಟನ್ ಆಜ್ಞೆಯಂತೆ ಸೇನಾನಿ ಸಲಿವನ್ ಸುಮಾರು 40 ಊರುಗಳನ್ನು ಸುಟ್ಟನು. 1,60,000 ಬುಷೆಲ್ ಜೋಳ ಹಾಳು ಮಾಡಿದೆವೆಂದು ಅವನದೇ ವರದಿ. ಬುಷೆಲ್ಲಿಗೆ ಇಪ್ಪತ್ತೈದು ಕಿಲೋ ಕಾಳು ಹಿಡಿದರೂ ಅದು 40,000 ಕ್ವಿಂಟಲ್! ಆ ಚಳಿಗಾಲದಲ್ಲಿ ಸಾವಿರಾರು ಜನ ನಯಾಗರ ಕೋಟೆಯ ಬಳಿ ಹಸಿವಿನಿಂದ ನರಳಿದರು.

ಆದರೆ ಬೆಂಕಿಗಿಂತ ಹೆಚ್ಚು ನೆಲ ಹೋದದ್ದು ಕಾಗದಪತ್ರದಲ್ಲಿ. ಒನೈಡರಲ್ಲಿ ಬಹುಪಾಲು ಜನ ಅದೇ ಯುದ್ಧದಲ್ಲಿ ಅಮೆರಿಕನ್ನರ ಪರ ನಿಂತವರು. ಅವರ ಪ್ರದೇಶ ಸುಮಾರು 60 ಲಕ್ಷ ಎಕರೆ. ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಇಂಡಿಯನ್ನರ ಭೂಮಿ ಕೊಳ್ಳಬಾರದೆಂದು 1790ರಲ್ಲೇ ಕಾನೂನು ಬಂದಿತ್ತು. ಆದರೂ ನ್ಯೂಯಾರ್ಕ್ ರಾಜ್ಯ 1795ರಲ್ಲಿ ಹಾಗೆಯೇ ಒಂದು ಲಕ್ಷ ಎಕರೆ ಬರೆಸಿಕೊಂಡಿತು. ಹೀಗೆ ಹೋಗುತ್ತ ಹೋಗುತ್ತ 1920ರ ಸುಮಾರಿಗೆ ಅವರಲ್ಲಿ ಉಳಿದದ್ದು 32 ಎಕರೆ. 1795ರ ಖರೀದಿ ಕಾನೂನುಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಹೇಳಿತು. ಅವರು ಮತ್ತೆ ಕೊಂಡ ತುಂಡು ಭೂಮಿಯ ಮೇಲೆ ಹಳೆಯ ಆಡಳಿತ ಹಕ್ಕು ಕೇಳಿದಾಗ ಮಾತ್ರ, ಬಹಳ ತಡವಾಯಿತೆಂದು 2005ರಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿತು.

ಸೆನೆಕರ ಭೂಮಿಗೆ ತೊಂದರೆ ಕೊಡುವುದಿಲ್ಲವೆಂದು 1794ರ ಕ್ಯಾನನ್‌ಡೈಗ್ವ ಒಪ್ಪಂದದಲ್ಲಿ ಮಾತು ಕೊಡಲಾಗಿತ್ತು. 1965ರಲ್ಲಿ ಮುಗಿದ ಕಿಂಜುವಾ ಅಣೆಕಟ್ಟಿನಿಂದ ಅವರ ಸುಮಾರು 10,000 ಎಕರೆ ಹೋಗಿ, 600ಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಅದೇ ಒಪ್ಪಂದದಂತೆ ಸರ್ಕಾರ ವರ್ಷಕ್ಕೊಮ್ಮೆ ಬಟ್ಟೆ ಕೊಡುವುದು ಮಾತ್ರ ಇಂದಿಗೂ ತಪ್ಪಿಲ್ಲ.

ಇತ್ತೀಚೆಗೆ ಸ್ವಲ್ಪ ನೆಲ ಹಿಂತಿರುಗುತ್ತಿದೆ. ಒನೊಂಡಾಗ ತೊರೆಯ ಮೇಲ್ಭಾಗದಲ್ಲಿ 1,000 ಎಕರೆಗೂ ಹೆಚ್ಚು ಕಾಡನ್ನು ಒನೊಂಡಾಗರಿಗೆ ಮರಳಿಸುವ ನಿರ್ಧಾರ 2022ರಲ್ಲಿ ಪ್ರಕಟವಾಯಿತು. ಗನೊಂಡಗನ್ ಊರಿದ್ದ ಜಾಗದಲ್ಲಿ ಹಳೆಯ ಬಿಳಿ ಜೋಳದ ತಳಿಯನ್ನು ಉಳಿಸಿ, ಕಾಳನ್ನು ಬೇಯಿಸಿ ಸಿಪ್ಪೆ ತೆಗೆದು ಹಿಟ್ಟು ಮಾಡಿ ಮಾರುವ ಕೆಲಸ ನಡೆದಿದೆ. ಹಿಂದೆ ಹೀಗೆ ಬೇಯಿಸಲು ಮರದ ಬೂದಿಯ ನೀರನ್ನು ಬಳಸುತ್ತಿದ್ದರು. ಅದರಿಂದ ಜೋಳದಲ್ಲಿ ಅಡಗಿರುವ ನಯಾಸಿನ್ ಜೀವಸತ್ವ ಮೈಗೆ ಹತ್ತುತ್ತದೆ. ಬೀಜಕ್ಕಿಡುವ ತೆನೆಗಳ ಮುಸುಕನ್ನು ಕಿತ್ತೊಗೆಯದೆ, ಜಡೆಯಂತೆ ಹೆಣೆದು ತೊಲೆಗೆ ತೂಗುಹಾಕುತ್ತಾರೆ.