ಹೇಂಟೆಯ ಕಣ್ಣ ಬದಿಯ ಕರಿಮೆಣಸು

ಕೋಳಿ ಹಿಡಿಯುವುದಿದ್ದರೆ ಕತ್ತಲಾದ ಮೇಲೆ ಹಿಡಿಯಬೇಕು. ಹಗಲಲ್ಲಿ ಅಂಗಳದ ತುಂಬ ಓಡಿಸಿದರೆ ಕೊನೆಗೆ ತೋಟದ ಕಣಿಗೆ ಬೀಳುವುದು ನಾವೇ. ಗೂಡು ಸೇರಿ ಅರ್ಧ ಗಂಟೆ ಕಳೆದ ಮೇಲೆ ಎರಡೂ ಕೈ ಹಾಕಿ ಮೆಲ್ಲಗೆ ಎತ್ತಿದರೆ ಒಂದು ಸಲ ಗೊಣಗಿ ಸುಮ್ಮನಾಗುತ್ತದೆ. ಆಟಿ ಮುಗಿಯುತ್ತ ಬಂದಿದ್ದ ಒಂದು ರಾತ್ರಿ ಹಾಗೆ ಎತ್ತಿ ತಂದ ಕೆಂಪು ಹೇಂಟೆಯನ್ನು ಮಡಿಲಲ್ಲಿಟ್ಟುಕೊಂಡು ಟಾರ್ಚ್ ಬಿಟ್ಟೆ. ಎಡಗಣ್ಣಿನ ಕೆಳಗೆ ಕರಿಮೆಣಸಿನ ಕಾಳು ಅಂಟಿಸಿದ ಹಾಗೆ ನಾಲ್ಕು ಗಂಟು, ಒರಟು, ಕಪ್ಪು. ಜುಟ್ಟಿನ ಬುಡದಲ್ಲಿ ಇನ್ನೂ ಕಪ್ಪಾಗದ ಎರಡು, ಬೂದು ಮಿಶ್ರಿತ ಹಳದಿ. ಕಣ್ಣು ಮುಕ್ಕಾಲು ಮುಚ್ಚಿತ್ತು. ಬೆಳಿಗ್ಗೆಯಿಂದ ಅದು ಕಾಳನ್ನು ಕುಕ್ಕಿದರೂ ಕೊಕ್ಕು ಗುರಿ ತಪ್ಪುತ್ತಿದ್ದದ್ದು ಯಾಕೆಂದು ಆಗ ಗೊತ್ತಾಯಿತು.

ಮರುದಿನ ತೀರ್ಪುಗಳು ಬಂದವು. "ಉಷ್ಣ ಆದದ್ದು" ಎಂದರು ಒಬ್ಬರು. "ಹುಂಜ ಕುಟ್ಟಿದ ಗಾಯ ಅದು, ಎಂತ ಆಗುದಿಲ್ಲ" ಎಂದರು ಇನ್ನೊಬ್ಬರು. ಮೂರನೆಯವರ ಸಲಹೆ ಚುಟುಕಾಗಿತ್ತು: "ದೊಡ್ಡದಾಗುವ ಮೊದಲು ಪದಾರ್ಥ ಮಾಡಿ ಮುಗಿಸಿ ಮಾರಾಯ್ರೆ!"

ನೇತ್ರಾವತಿಗೆ ಕುಮಾರಧಾರೆ ಬಂದು ಸೇರುವ ಉಪ್ಪಿನಂಗಡಿಯ ಆಚೀಚೆಯ ಊರುಗಳಲ್ಲಿ ಕೋಳಿಯಿಲ್ಲದ ಮನೆಗಳಿವೆ, ಕೋಳಿಯ ಮಾತಿಲ್ಲದ ಮನೆ ಕಡಿಮೆ. ಅದಕ್ಕೆ ಇಲ್ಲಿ ರೊಟ್ಟಿಯ ಜೊತೆ ಒಂದು ಸ್ಥಾನ, ದೈವದ ಹರಕೆಯಲ್ಲಿ ಒಂದು ಸ್ಥಾನ, ಅಂಕದ ಕಳದಲ್ಲಿ ಇನ್ನೊಂದು. ಹುಂಜದ ಬಣ್ಣ ನೋಡಿ ಬೊಳ್ಳೆ, ಕೆಮ್ಮೈರೆ, ಉರಿಯೆ ಎಂದು ಹೆಸರಿಟ್ಟು, ಯಾವ ದಿನ ಯಾವುದಕ್ಕೆ ಗೆಲುವು ಎಂದು ಹೇಳುವ ಕುಕ್ಕುಟ ಪಂಚಾಂಗವೇ ತುಳುನಾಡಿನಲ್ಲಿದೆ. ಅಷ್ಟು ಸೂಕ್ಷ್ಮವಾಗಿ ಗರಿ ಓದುವ ಕಣ್ಣು ಹೇಂಟೆಯ ಮುಖದ ಗುಳ್ಳೆಯನ್ನು ಮಾತ್ರ ಓದುವುದಿಲ್ಲ. ರೋಗಿಯ ಸ್ಥಾನವನ್ನು ಕೋಳಿಗೆ ನಾವು ಕೊಟ್ಟದ್ದೇ ಇಲ್ಲ. ದನಕ್ಕೆ ಜ್ವರ ಬಂದರೆ ಡಾಕ್ಟರಿಗೆ ಫೋನ್ ಹೋಗುತ್ತದೆ. ಕೋಳಿಯನ್ನು ಬುಟ್ಟಿಯಲ್ಲಿಟ್ಟು ರಿಕ್ಷಾ ಹತ್ತಿದರೆ ಊರೇ ನಗುತ್ತದೆ. ರಿಕ್ಷಾ ಬಾಡಿಗೆಯನ್ನೂ ಕೋಳಿಯ ಕ್ರಯವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಗುವವರದ್ದೂ ತಪ್ಪು ಎನ್ನುವ ಹಾಗಿಲ್ಲ. ಆದರೆ 2019ರ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿ ಕೋಳಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು. ಇಷ್ಟೊಂದು ಜೀವಗಳ ವೈದ್ಯಶಾಸ್ತ್ರ "ಉಷ್ಣ ಆದದ್ದು" ಎನ್ನುವಲ್ಲಿಗೆ ಮುಗಿಯುವುದು ಯಾಕೋ ಸರಿ ಕಾಣುವುದಿಲ್ಲ.

ಕೋಳಿಯ ಮೈಮೇಲಿನ ಗಂಟಿಗೆ ಹೆಸರು ಹುಡುಕುವಾಗ ಮೊದಲು ಕೇಳಬೇಕಾದದ್ದು ಅದು ಎಲ್ಲಿದೆ ಎಂದು. ಹೊಸದಾಗಿ ಕೋಳಿ ಸಾಕಿದವರು ಸಂಜೆ ಹೊತ್ತು ಕತ್ತಿನ ಬುಡದಲ್ಲಿ, ಸ್ವಲ್ಪ ಬಲಕ್ಕೆ, ನಿಂಬೆ ಗಾತ್ರದ ಉಬ್ಬು ಕಂಡು ಹೆದರುವುದುಂಟು. ಅದು ದಿನವಿಡೀ ಹೆಕ್ಕಿ ತಿಂದದ್ದು ತುಂಬಿಕೊಂಡಿರುವ ಕಾಳುಚೀಲ. ಬೆಳಿಗ್ಗೆ ಗೂಡಿನ ಬಾಗಿಲು ತೆರೆಯುವ ಮೊದಲು ಮುಟ್ಟಿದರೆ ಖಾಲಿಯಾಗಿರಬೇಕು. ಆಗಲೂ ಗಟ್ಟಿಯಾಗಿದ್ದರೆ ಹುಲ್ಲೋ ತೆಂಗಿನ ನಾರೋ ಸಿಕ್ಕಿಕೊಂಡಿದೆ ಎಂದು ಲೆಕ್ಕ. ಬಾಲದ ಬುಡದಲ್ಲಿ, ಬೆನ್ನಿನ ಮೇಲೆ, ಮೊಲೆತೊಟ್ಟಿನಂಥದೊಂದು ಕಂಡರೆ ಅದೂ ರೋಗವಲ್ಲ. ಗರಿಗೆ ಹಚ್ಚಿಕೊಳ್ಳಲು ಕೋಳಿಗೆ ದೇವರು ಕೊಟ್ಟ ಎಣ್ಣೆಕುಡಿಕೆ. ಅದನ್ನು ಕುರು ಎಂದು ಹಿಂಡಿದವರನ್ನು ನಾನು ಬಲ್ಲೆ. ಕನ್ನಡಿಯಲ್ಲಿ ದಿನಾ ನೋಡುತ್ತೇನೆ.

ಪಾದದ ಅಡಿಯ ಗಂಟು ಬೇರೆಯೇ ಕತೆ. ನಮ್ಮ ನಾಟಿ ಕೋಳಿಗೆ ಅದು ಕಡಿಮೆ, ಗಿರಿರಾಜದಂಥ ಭಾರದ ಕೋಳಿಗೆ ಜಾಸ್ತಿ. ಎತ್ತರದಿಂದ ಕೆಂಪುಕಲ್ಲಿನ ಅಂಗಳಕ್ಕೆ ಧುಮುಕಿ ಧುಮುಕಿ ಅಂಗಾಲು ಒಡೆದು, ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಒಳಹೊಕ್ಕು, ಕೀವು ಗಟ್ಟಿಯಾಗಿ ಮೊಳೆಯ ಹಾಗೆ ನಿಲ್ಲುತ್ತದೆ. ನಡುವೆ ಕಪ್ಪು ಹಕ್ಕಳೆ. ಕೋಳಿಯ ಕೀವು ನಮ್ಮದರಂತೆ ನೀರಾಗಿ ಹರಿಯುವುದಿಲ್ಲ, ಗಿಣ್ಣಿನ ಹಾಗೆ ಹೆಪ್ಪುಗಟ್ಟುತ್ತದೆ. ಹಾಗಾಗಿ ಹಿಂಡಿ ಪ್ರಯೋಜನವಿಲ್ಲ. ಬಿಸಿನೀರಲ್ಲಿ ಕಾಲು ನೆನೆಸಿ, ಅಯೋಡಿನ್ ಹಚ್ಚಿ, ಮೆತ್ತಗಿನ ಹಾಸಿನ ಮೇಲೆ ಇಡಬಹುದು. ಗಂಟು ದೊಡ್ಡದಿದ್ದರೆ ಪಶುವೈದ್ಯರೇ ಬಿಡಿಸಿ ತೆಗೆಯಬೇಕು. ಕಾಲಿನ ಪೊರೆಗಳು ಎದ್ದುನಿಂತು ಸುಣ್ಣ ಮೆತ್ತಿದ ಹಾಗಾಗಿದ್ದರೆ ಅಡಿಯಲ್ಲಿ ಕಣ್ಣಿಗೆ ಕಾಣದ ನುಸಿ ಮನೆ ಮಾಡಿದೆ ಎಂದರ್ಥ. ಹಳಬರು ಸೀಮೆಎಣ್ಣೆಯಲ್ಲಿ ಅದ್ದುತ್ತಿದ್ದರು. ಕೋಳಿಗೆ ಅದು ಉರಿ. ತೆಂಗಿನೆಣ್ಣೆಯೋ ಹೊಂಗೆ ಎಣ್ಣೆಯೋ ಸಾಕು, ನುಸಿ ಉಸಿರುಗಟ್ಟಿ ಸಾಯುತ್ತದೆ. ವಾರಕ್ಕೊಮ್ಮೆಯಂತೆ ಮೂರ್ನಾಲ್ಕು ಸಲ ಬಿಡದೆ ಹಚ್ಚಬೇಕು, ಅಷ್ಟೆ.

ಮುಖ, ಜುಟ್ಟು, ಗಲ್ಲದ ಜೋಲು, ಕಣ್ಣಿನ ರೆಪ್ಪೆ. ಅಂದರೆ ಗರಿಯಿಲ್ಲದ ಜಾಗ. ಅಲ್ಲಿ ಗಂಟೆದ್ದರೆ ನಮ್ಮ ಕಡೆ ಬಹುಮಟ್ಟಿಗೆ ಕೋಳಿ ಸಿಡುಬು. ಗರಿಯಿಲ್ಲದ ಜಾಗವೇ ಯಾಕೆಂದರೆ ಸೊಳ್ಳೆಯ ಸೂಜಿ ಸುಲಭವಾಗಿ ಇಳಿಯುವುದು ಅಲ್ಲಿಗೇ. ಈ ವೈರಾಣು ಗಾಯವಿಲ್ಲದ ಚರ್ಮವನ್ನು ದಾಟಿ ಒಳಗೆ ಹೋಗಲಾರದು, ಒಂದು ಗೀರು ಬೇಕು. ಹುಂಜ ಕುಟ್ಟಿದ ಗಾಯವೂ ಆದೀತು (ಎರಡನೆಯ ತೀರ್ಪಿನವರು ಅಷ್ಟರಮಟ್ಟಿಗೆ ಸರಿ), ಆದರೆ ಮಳೆಗಾಲದಲ್ಲಿ ಮುಖ್ಯ ಸಾಗಣೆ ಸೊಳ್ಳೆಯದ್ದು. ರೋಗದ ಕೋಳಿಯನ್ನು ಕಚ್ಚಿದ ಸೊಳ್ಳೆ ವಾರಗಟ್ಟಲೆ ವೈರಾಣುವನ್ನು ಹೊತ್ತು ತಿರುಗಬಲ್ಲದು.

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಸೊಳ್ಳೆ ಎಲ್ಲಿಂದ ಬರುತ್ತದೆಂದು ಕೇಳುವುದೇ ತಮಾಷೆ. ಆದರೂ ಅಂದು ನಮ್ಮ ಗೂಡಿನಿಂದ ಹೊರಟು ತೋಟದೊಳಗೆ ನಡೆದು ನೋಡಿದೆ. ಬಿದ್ದ ಅಡಿಕೆ ಹಾಳೆಗಳು ಅಂಗಾತ ಮಲಗಿ, ತೊಟ್ಟಿಲಿನ ಹಾಗೆ, ಒಂದೊಂದರಲ್ಲೂ ಅರ್ಧ ಸೇರು ನೀರು. ಅಳಿಲು ಕೊರೆದು ತಿರುಳು ತಿಂದು ಬಿಟ್ಟ ಕೊಕ್ಕೋ ಕಾಯಿ ಮರದಲ್ಲೇ ತೂಗುತ್ತ ನೀರು ಹಿಡಿದಿತ್ತು. ಪಕ್ಕದ ಗುಡ್ಡೆಯಲ್ಲಿ ಮಳೆಗೆ ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ಮರಗಳಿಗೆ ಕಟ್ಟಿದ್ದ ಗೆರಟೆಗಳು ಮೇಲ್ಮುಖವಾಗಿಯೇ ಇದ್ದವು. ಒಂದು ಹಾಳೆಯನ್ನು ಬಾಗಿ ನೋಡಿದೆ: ನೀರಿನ ಮೇಲ್ಮೈಗೆ ತಲೆಕೆಳಗಾಗಿ ನೇತಾಡುವ ಹುಳಗಳು, ನನ್ನ ನೆರಳು ಬಿದ್ದೊಡನೆ ಡೊಂಕಾಗಿ ಡೊಂಕಾಗಿ ತಳಕ್ಕೆ ಇಳಿದವು. ಡೆಂಗಿ ಬಂದ ವರ್ಷಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಬಂದು ಹಾಳೆ ಕವುಚಿ ಹಾಕಿ ಎಂದು ಹೇಳಿ ಹೋದದ್ದು ನಮಗಾಗಿ ಎಂದುಕೊಂಡಿದ್ದೆವು. ಕೋಳಿಗೂ ಅದೇ ಮದ್ದು.

ಸಿಡುಬಿಗೆ ಮದ್ದಿಲ್ಲ ಎಂಬುದು ಮೊದಲು ತಲೆಗೆ ಹೋಗಬೇಕು. ವೈರಾಣುವನ್ನು ಕೊಲ್ಲುವ ಗುಳಿಗೆ ಇಲ್ಲ. ಅಂಗಡಿಯಿಂದ ತಂದ ಆ್ಯಂಟಿಬಯಾಟಿಕ್ ಪುಡಿ, ಗಾಯದಲ್ಲಿ ಕೀವಾಗದಿದ್ದರೆ, ಬರೇ ನೀರಿಗೆ ಬಣ್ಣ. ಹೀಗೆ ಹೊರಗೆ ಗಂಟೇಳುವ ಒಣ ಸಿಡುಬು ಎರಡರಿಂದ ನಾಲ್ಕು ವಾರದಲ್ಲಿ ತಾನಾಗಿ ವಾಸಿಯಾಗುತ್ತದೆ. ಅಷ್ಟು ದಿನ ಕೋಳಿ ಹಸಿದು ಸಾಯದ ಹಾಗೆ ನೋಡಿಕೊಳ್ಳುವುದೇ ಚಿಕಿತ್ಸೆ. ಕಣ್ಣು ಮುಚ್ಚಿದ ಕೋಳಿಗೆ ಪಾತ್ರೆ ಎಲ್ಲಿದೆ ಎಂದು ಕಾಣುವುದಿಲ್ಲ, ಉಳಿದವು ಅದನ್ನು ತಳ್ಳಿ ತಿನ್ನುತ್ತವೆ. ನಮ್ಮದನ್ನು ಕೊಟ್ಟಿಗೆಯ ಮೂಲೆಯಲ್ಲಿ ಬುಟ್ಟಿ ಕವುಚಿ ಬೇರೆ ಇಟ್ಟು, ಮೇಲೆ ಹಳೆಯ ಸೊಳ್ಳೆಪರದೆ ಹೊದೆಸಿದೆವು. ಪರದೆ ಅದರ ರಕ್ಷಣೆಗಿಂತ ಹೆಚ್ಚು ಉಳಿದ ಕೋಳಿಗಳ ರಕ್ಷಣೆಗೆ. ಬೆಳಿಗ್ಗೆ ಸಂಜೆ ಉಗುರು ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಕಣ್ಣಿನ ಪಿಸುರು ಒರೆಸುವುದು, ಗಂಟಿನ ಮೇಲೆ ಪೊವಿಡೋನ್ ಅಯೋಡಿನ್ ಮುಟ್ಟಿಸುವುದು, ಕೊಕ್ಕನ್ನು ಬಟ್ಟಲಿಗೆ ತಾಗಿಸಿ ನೀರಿದೆ ಎಂದು ತಿಳಿಸುವುದು, ಕುಚ್ಚಲಕ್ಕಿ ಗಂಜಿಯ ಮೆತ್ತಗಿನ ಅನ್ನ. ಬೇವು, ಅರಸಿನ ಅರೆದು ಹಚ್ಚುವವರಿದ್ದಾರೆ. ನೊಣ ಕೂರದಂತೆ ಕಾಯಲು ಅದು ಒಳ್ಳೆಯದೇ, ಕಣ್ಣಿನೊಳಗೆ ಹೋಗದಂತೆ ಹಚ್ಚಿದರೆ.

ಮಾಡಬಾರದ್ದು ಒಂದೇ: ಕೀಳಬಾರದು. ಬೆರಳು ತುರಿಸುತ್ತದೆ, ಹಕ್ಕಳೆಯ ಅಂಚು ಎದ್ದಿರುತ್ತದೆ, ಎಳೆದರೆ ಬರುತ್ತದೆ ಎನಿಸುತ್ತದೆ. ಎಳೆದರೆ ರಕ್ತ ಬರುತ್ತದೆ, ಅಡಿಯ ಹಸಿ ಮಾಂಸ ಕಾಣುತ್ತದೆ, ಚೂರುಗಳು ನೆಲಕ್ಕೆ ಬೀಳುತ್ತವೆ. ಒಣಗಿದ ಆ ಚೂರಿನಲ್ಲಿ ವೈರಾಣು ತಿಂಗಳುಗಟ್ಟಲೆ ಬದುಕಿ ಮುಂದಿನ ಮರಿಗಳಿಗೆ ಕಾಯುತ್ತದೆ.

ಇನ್ನೊಂದು ಬಗೆಯ ಸಿಡುಬು ಹೊರಗೆ ಕಾಣುವುದೇ ಇಲ್ಲ. ಬಾಯಿ ಬಿಡಿಸಿದರೆ ನಾಲಿಗೆಯ ಮೇಲೆ, ಗಂಟಲಲ್ಲಿ ಹಳದಿ ಪೊರೆ. ಕೋಳಿ ಕತ್ತು ಚಾಚಿ ಬಾಯಿ ತೆರೆದು ಉಸಿರಾಡುತ್ತದೆ, ಉಸಿರುಗಟ್ಟಿ ಸಾಯುವುದೂ ಉಂಟು. ಅಲ್ಲಿಗೆ ಮನೆಮದ್ದಿನ ಕೆಲಸ ಮುಗಿಯಿತು, ಪಶುವೈದ್ಯರು ಬೇಕು. ಹಾಗೆಯೇ ಗಂಟಿಲ್ಲದೆ ತಲೆಯೇ ಊದಿ, ಜುಟ್ಟು ನೀಲಿಯಾಗಿ, ಒಂದರ ಹಿಂದೊಂದು ಕೋಳಿ ಸಾಯತೊಡಗಿದರೆ ಮಡಿಲಲ್ಲಿಟ್ಟು ನೋಡುವ ಸಾಹಸವೂ ಬೇಡ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಪತ್ತೆಯಾದದ್ದು ನೆನಪಿರಲಿ. ಕೈ ತೊಳೆದು ಪಶು ಇಲಾಖೆಗೆ ತಿಳಿಸಬೇಕು. 1962 ಎಂಬ ಪಶು ಸಹಾಯವಾಣಿ ಇರುವುದು ದನಕ್ಕೆ ಮಾತ್ರವಲ್ಲ. ಕೋಳಿ ಸಿಡುಬಾದರೋ ಮನುಷ್ಯರಿಗೆ ಅಂಟುವುದಿಲ್ಲ.

ಗುಣವಾಗದ ಗಂಟೂ ಇವೆ. ಮಾರೆಕ್ ಎಂಬ ರೋಗದಲ್ಲಿ ಗರಿಯ ಬುಡಗಳು ಊದಿಕೊಳ್ಳುತ್ತವೆ, ಒಂದು ಕಾಲು ಮುಂದೆ ಒಂದು ಹಿಂದೆ ಚಾಚಿ ಕೋಳಿ ಬೀಳುತ್ತದೆ. ಹೆಸರು ಅದನ್ನು 1907ರಲ್ಲಿ ವರ್ಣಿಸಿದ ಹಂಗೇರಿಯ ಪಶುವೈದ್ಯರದ್ದು. ಎದೆಯ ಮಾಂಸದೊಳಗೆ ಬೆಳೆಯುವ ಗಡ್ಡೆಯೂ ಉಂಟು. ಅಂಥದೊಂದು ಗಡ್ಡೆಯಿದ್ದ ಪ್ಲೈಮತ್ ರಾಕ್ ಹೇಂಟೆಯನ್ನು 1909ರಲ್ಲಿ ಕೋಳಿ ಸಾಕುವವರೊಬ್ಬರು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಗೆ ಹೊತ್ತು ತಂದರು. ಅವರನ್ನು ನೋಡಿಯೂ ಯಾರೋ ನಕ್ಕಿರಬೇಕು. ಪೇಟನ್ ರೌಸ್ ಎಂಬ ಯುವ ವಿಜ್ಞಾನಿ ಆ ಗಡ್ಡೆಯನ್ನು ಅರೆದು, ಜೀವಕೋಶವೊಂದೂ ಉಳಿಯದಂತೆ ಸೋಸಿ, ತಿಳಿಯನ್ನು ಇನ್ನೊಂದು ಕೋಳಿಗೆ ಚುಚ್ಚಿದರು. ಅದಕ್ಕೂ ಗಡ್ಡೆ ಬಂತು. ವೈರಾಣುವಿನಿಂದ ಕ್ಯಾನ್ಸರ್ ಬರಬಹುದೆಂದು 1911ರಲ್ಲಿ ಅವರು ಬರೆದಾಗ ಹೆಚ್ಚಿನವರು ನಂಬಲಿಲ್ಲ. ನೊಬೆಲ್ ಬಂದದ್ದು 1966ರಲ್ಲಿ, ಅವರಿಗೆ 87 ತುಂಬಿದ ಮೇಲೆ.

ಸಿಡುಬಿನ ಸಾಲವೂ ನಮ್ಮ ಮೇಲೆ ಕಡಿಮೆಯದ್ದಲ್ಲ. 1931ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಆಲಿಸ್ ವುಡ್ರಫ್ ಮತ್ತು ಅರ್ನೆಸ್ಟ್ ಗುಡ್‌ಪಾಸ್ಚರ್ ಮರಿಯಾಗುತ್ತಿರುವ ಮೊಟ್ಟೆಯ ಚಿಪ್ಪಿಗೆ ಕಿಟಕಿ ಕೊರೆದು ಒಳಗೆ ವೈರಾಣು ಬೆಳೆಸಿದರು. ಆ ವೈರಾಣು ಇದೇ ಕೋಳಿ ಸಿಡುಬಿನದ್ದು. ಇಂದಿಗೂ ಫ್ಲೂ ಲಸಿಕೆಯ ಬಹುಪಾಲು ಮೊಟ್ಟೆಯಲ್ಲೇ ತಯಾರಾಗುವುದು ಆ ಕಿಟಕಿಯ ದೆಸೆಯಿಂದ.

ಕೋಳಿ ಸಿಡುಬಿಗೇ ಲಸಿಕೆ ಉಂಟು, ಹಳೆಯದು, ಅಗ್ಗದ್ದು. ಮರಿಗೆ ಆರೆಂಟು ವಾರವಾದಾಗ ರೆಕ್ಕೆಯ ಮಡಿಕೆಯ ತೆಳು ಚರ್ಮಕ್ಕೆ ಎರಡು ಮೊನೆಯ ಸೂಜಿಯಿಂದ ಚುಚ್ಚುತ್ತಾರೆ. ವಾರ ಹತ್ತು ದಿನದಲ್ಲಿ ಚುಚ್ಚಿದಲ್ಲಿ ಪುಟ್ಟ ಗುಳ್ಳೆ ಎದ್ದರೆ ಲಸಿಕೆ ಹಿಡಿಯಿತು ಎಂದರ್ಥ. ತೊಡಕಿರುವುದು ಸೀಸೆಯಲ್ಲಿ: ಒಂದು ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಮದ್ದು, ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಎಂಟು ಕೋಳಿಯವನೊಬ್ಬನಿಗೆ ಅದನ್ನು ಯಾರು ಒಡೆಯುತ್ತಾರೆ? ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಹೋಗುವಾಗ ಕೊಯಿಲದಲ್ಲಿ ಸರಕಾರದ ಜಾನುವಾರು ಸಂವರ್ಧನಾ ಕೇಂದ್ರವಿದೆ, ಪಶುವೈದ್ಯಕೀಯ ಕಾಲೇಜಿನ ಕಟ್ಟಡಗಳೂ ಅಲ್ಲೇ ಎದ್ದಿವೆ. ಇಷ್ಟು ಹತ್ತಿರ ಇದ್ದೂ ನಮ್ಮ ಗೂಡುಗಳಿಗೆ ಲಸಿಕೆ ತಲುಪದಿರಲು ದೂರ ಕಾರಣವಲ್ಲ. ಇಪ್ಪತ್ತು ಮನೆಯವರು ಒಂದೇ ದಿನ ಮರಿ ಹಿಡಿದು ಸಾಲಾಗಿ ನಿಂತರೆ ಸೀಸೆ ಒಡೆಯುತ್ತದೆ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಐದು ನಿಮಿಷದ ವಿಷಯ ಅದು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಬುಟ್ಟಿ ಎತ್ತಿದಾಗ ಹಾಸಿದ್ದ ಕಾಗದದ ಮೇಲೆ ಎರಡು ಕರಿಮೆಣಸು ಬಿದ್ದಿದ್ದವು. ಕಾಗದ ಸಮೇತ ಮಡಚಿ ಒಲೆಗೆ ಹಾಕಿದೆ. ಕಣ್ಣಿನ ಕೆಳಗೆ ತೆಳು ಗುಲಾಬಿ ಕಲೆ, ರೆಪ್ಪೆ ಪೂರ್ತಿ ತೆರೆದಿತ್ತು. ಬಟ್ಟಲನ್ನು ಎಂದಿನಂತೆ ಕೊಕ್ಕಿಗೆ ತಾಗಿಸಲು ಹೋದೆ. ಈ ಸಲ ಗುರಿ ತಪ್ಪಲಿಲ್ಲ, ನೇರ ನನ್ನ ಹೆಬ್ಬೆರಳಿಗೆ ಕುಕ್ಕಿತು. ಆಚೆ ಮನೆಯವರು ಬೇಲಿಯ ಮೇಲಿಂದ ನೋಡುತ್ತಿದ್ದರು. ಪದಾರ್ಥದ ಸಲಹೆ ಕೊಟ್ಟವರೇ. "ನಮ್ಮದರಲ್ಲಿ ಮೂರಕ್ಕೆ ಎದ್ದಿದೆ, ಆ ಪರದೆ ಸ್ವಲ್ಪ ಕೊಡ್ತೀರಾ?"