ದೂರಸ್ಥ ವಿಧಿಯ ಕರೆ: ಮೊಬೈಲ್ ಆ್ಯಪಿಗೆ ಗ್ರಾಹಕ ಲೈಬ್ರರಿಯ ರಚನೆ ಮತ್ತು ಜೋಡಣೆ

ಪ್ರೋಗ್ರಾಮಿನ ಒಂದು ಭಾಗವು ಮತ್ತೊಂದು ಭಾಗಕ್ಕೆ ಕೆಲಸವನ್ನು ಒಪ್ಪಿಸಿ, ಅದರ ಫಲವನ್ನು ಪಡೆದು ಮುಂದುವರಿಯುವುದು ಗಣಕವಿಜ್ಞಾನದ ವಿದ್ಯಾರ್ಥಿಗಳು ಮೊಟ್ಟಮೊದಲು ಕಲಿಯುವ ಸಂಗತಿಗಳಲ್ಲಿ ಒಂದು. ಹೀಗೆ ಕರೆಯಲ್ಪಡುವ ಭಾಗಕ್ಕೆ ಪ್ರೊಸೀಜರ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ನಾವು ವಿಧಿ ಎಂದು ಕರೆಯುತ್ತೇವೆ. ಕರೆಯುವ ವಿಧಿಯೂ ಕರೆಯಲ್ಪಡುವ ವಿಧಿಯೂ ಒಂದೇ ಯಂತ್ರದಲ್ಲಿದ್ದರೆ ಅವೆರಡರ ಯೋಗಕ್ಷೇಮವೂ ಒಂದೇ. ಯಂತ್ರ ನಿಂತರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಕರೆಯುವ ವಿಧಿಯು ಮೊಬೈಲ್ ಫೋನಿನಲ್ಲಿಯೂ, ಕೆಲಸ ಮಾಡುವ ವಿಧಿಯು ದೂರದ ಸರ್ವರಿನಲ್ಲಿಯೂ ಇರುವಾಗ ಈ ಮಾತು ನಿಲ್ಲುವುದಿಲ್ಲ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಪರೀಕ್ಷಾ ಶುಲ್ಕವನ್ನು ಕಟ್ಟಲು ಕಡೆಯ ದಿನ. ವಿದ್ಯಾರ್ಥಿನಿಯೊಬ್ಬಳು ಘಟ್ಟ ಇಳಿಯುತ್ತಿರುವ ಬಸ್ಸಿನಲ್ಲಿ ಕುಳಿತು ಕಾಲೇಜಿನ ಆ್ಯಪಿನಲ್ಲಿ 300 ರೂಪಾಯಿ ಪಾವತಿಯ ಗುಂಡಿಯನ್ನು ಒತ್ತುತ್ತಾಳೆ. ಅಷ್ಟರಲ್ಲಿ ತಿರುವಿನಲ್ಲಿ ಸಂಕೇತ ಕಡಿದುಹೋಗುತ್ತದೆ. ಪರದೆಯ ಮೇಲೆ ಚಕ್ರವೊಂದು ಸುತ್ತುತ್ತಲೇ ಇರುತ್ತದೆ. ಹಣ ಸಂದಾಯವಾಯಿತೆ, ಇಲ್ಲವೆ? ಮತ್ತೆ ಒತ್ತಿದರೆ ಎರಡು ಸಲ ಹೋಗಬಹುದು. ಒತ್ತದಿದ್ದರೆ ಪರೀಕ್ಷೆಯೇ ತಪ್ಪಬಹುದು. ಗ್ರಾಹಕ ಲೈಬ್ರರಿಯನ್ನು ರಚಿಸಿ ಜೋಡಿಸುವ ಕ್ರಮವನ್ನು ವಿವರಿಸುವಾಗ ಈ ಪ್ರಶ್ನೆಯನ್ನು ವಾಚಕರು ಮರೆಯದಿರಬೇಕೆಂದು ನಮ್ಮ ಕೋರಿಕೆ.

1. ಕಲ್ಪನೆಯ ಮೂಲ

ದೂರದ ವಿಧಿಯನ್ನೂ ಹತ್ತಿರದ ವಿಧಿಯಂತೆಯೇ ಕರೆಯಬೇಕೆಂಬ ಕಲ್ಪನೆಗೆ ಖಚಿತವಾದ ರೂಪ ದೊರೆತದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ. ಬ್ರೂಸ್ ನೆಲ್ಸನ್ ಅವರು 1981ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯಕ್ಕೆ ಇದೇ ವಿಷಯವಾಗಿ ಪ್ರೌಢ ಪ್ರಬಂಧವನ್ನು ಸಲ್ಲಿಸಿದರು. 1984ರಲ್ಲಿ ಆ್ಯಂಡ್ರ್ಯೂ ಬಿರೆಲ್ ಅವರೊಡನೆ ಸೇರಿ ಪ್ರಕಟಿಸಿದ ಲೇಖನವು ಈ ವಿಷಯದ ಆಧಾರಗ್ರಂಥವೇ ಆಗಿದೆ.

ಅವರ ವ್ಯವಸ್ಥೆಯಲ್ಲಿ ಅಂಗಗಳು ಐದು: ಕರೆಯುವ ಪ್ರೋಗ್ರಾಂ, ಅದರ ಬಳಿಯ ಪ್ರತಿನಿಧಿ, ಸಂದೇಶಗಳನ್ನು ಸಾಗಿಸುವ ವಾಹಕ, ಸರ್ವರಿನ ಬಳಿಯ ಪ್ರತಿನಿಧಿ, ಕಡೆಗೆ ನಿಜವಾಗಿ ಕೆಲಸ ಮಾಡುವ ವಿಧಿ. ಪ್ರತಿನಿಧಿ ಎಂದು ನಾವು ಹೇಳಿದ್ದಕ್ಕೆ ಸ್ಟಬ್ ಎಂಬ ಹೆಸರು ರೂಢಿಯಲ್ಲಿದೆ. ಅದು ನೋಟಕ್ಕೆ ಸಾಮಾನ್ಯ ವಿಧಿ. ಆದರೆ ತಾನಾಗಿ ಯಾವ ಕೆಲಸವನ್ನೂ ಮಾಡದೆ, ಕೊಟ್ಟ ಮೌಲ್ಯಗಳನ್ನು ಗಂಟುಕಟ್ಟಿ ವಾಹಕಕ್ಕೆ ಒಪ್ಪಿಸುತ್ತದೆ, ಬಂದ ಉತ್ತರದ ಗಂಟನ್ನು ಬಿಚ್ಚಿ ಹಿಂದಿರುಗಿಸುತ್ತದೆ. ಗಂಟುಕಟ್ಟುವ ಈ ಕೆಲಸ ಬೇಸರದ್ದು, ತಪ್ಪಿಗೆ ಎಡೆಗೊಡುವಂಥದ್ದು. ಆದಕಾರಣ ಪ್ರತಿನಿಧಿಯನ್ನು ಮನುಷ್ಯನು ಬರೆಯದೆ, ವಿಧಿಗಳ ವಿವರಣೆಯನ್ನು ಓದಿ ಲೂಪಿನ್ ಎಂಬ ಪ್ರೋಗ್ರಾಂ ಬರೆಯುವಂತೆ ಅವರು ಏರ್ಪಡಿಸಿದರು. ಇಂದಿನ ಗ್ರಾಹಕ ಲೈಬ್ರರಿಯ ಬೀಜ ಇದೇ. ಮುಂದೆ ಸನ್ ಸಂಸ್ಥೆಯ ಆರ್‌ಪಿಸಿಜೆನ್ ಈ ದಾರಿಯಲ್ಲಿ ನಡೆಯಿತು. ಗೂಗಲ್ ಸಂಸ್ಥೆಯು 2008ರಲ್ಲಿ ಪ್ರೋಟೊಕಾಲ್ ಬಫರ್ಸ್ ಎಂಬ ಸಂಕೇತನ ಪದ್ಧತಿಯನ್ನೂ, 2015ರಲ್ಲಿ ಜಿಆರ್‌ಪಿಸಿ ಎಂಬ ವಾಹಕವನ್ನೂ ಸಾರ್ವಜನಿಕರಿಗೆ ತೆರೆಯಿತು. ನಮ್ಮ ವಿವರಣೆಗೆ ಇವೆರಡನ್ನು ಆರಿಸಿಕೊಂಡಿದ್ದೇವೆ.

2. ಕರಾರುಪತ್ರ ಮತ್ತು ಜನಕ

ಎಲ್ಲಕ್ಕೂ ಮೊದಲು ಬೇಕಾದುದು ಒಂದು ಕರಾರುಪತ್ರ. ಅದೊಂದು ಸರಳವಾದ ಪಠ್ಯಕಡತ; ಸೇವೆಯಲ್ಲಿ ಯಾವ ವಿಧಿಗಳಿವೆ, ಪ್ರತಿಯೊಂದೂ ಯಾವ ಸಂದೇಶವನ್ನು ಪಡೆದು ಯಾವ ಸಂದೇಶವನ್ನು ಕೊಡುತ್ತದೆ ಎಂಬುದನ್ನು ಅದು ಹೇಳುತ್ತದೆ. ನಮ್ಮ ನಿದರ್ಶನದಲ್ಲಿ ‘ಶುಲ್ಕಪಾವತಿ’ ಎಂಬ ವಿಧಿಯುಂಟು. ಅದರ ಕೋರಿಕೆಯ ಸಂದೇಶದಲ್ಲಿ ಮೂರು ಅಂಶಗಳು: ನೋಂದಣಿ ಸಂಖ್ಯೆಗೆ 1, ಸೆಮಿಸ್ಟರಿಗೆ 2, ಮೊತ್ತಕ್ಕೆ 3 ಎಂದು ಕ್ರಮಾಂಕಗಳನ್ನು ಕೊಡಲಾಗಿದೆ.

ಪ್ರೋಟಾಕ್ ಎಂಬ ಸಂಕಲಕಕ್ಕೆ ಈ ಕಡತವನ್ನು ಕೊಟ್ಟರೆ, ಆಯಾ ಭಾಷೆಯ ಉಪಾಂಗದ ನೆರವಿನಿಂದ ಅದು ಆಂಡ್ರಾಯ್ಡಿಗೆ ಜಾವಾ ಅಥವಾ ಕಾಟ್ಲಿನ್ ಭಾಷೆಯಲ್ಲಿಯೂ, ಐಫೋನಿಗೆ ಸ್ವಿಫ್ಟ್ ಭಾಷೆಯಲ್ಲಿಯೂ ಪ್ರತಿನಿಧಿಗಳನ್ನು ಬರೆದುಕೊಡುತ್ತದೆ. ಒಂದೇ ಕರಾರಿನಿಂದ ಎಲ್ಲ ಭಾಷೆಗಳ ಪ್ರತಿನಿಧಿಗಳು ಹುಟ್ಟುವುದರಿಂದ, ಒಂದು ಕಡೆ ಮೊತ್ತವು ಪೂರ್ಣಾಂಕವಾಗಿ ಮತ್ತೊಂದು ಕಡೆ ಅಕ್ಷರಮಾಲೆಯಾಗಿ ಇರುವಂಥ ಅಸಂಗತಿ ಉಂಟಾಗುವುದಿಲ್ಲ.

ಜನಕವು ಬರೆದ ಕಡತವನ್ನು ಎಂದಿಗೂ ಕೈಯಿಂದ ತಿದ್ದಬಾರದು; ಮುಂದಿನ ರಚನೆಯಲ್ಲಿ ಆ ತಿದ್ದುಪಡಿ ಹೇಳದೆ ಕೇಳದೆ ಅಳಿಸಿಹೋಗುತ್ತದೆ. ಬದಲಾವಣೆ ಬೇಕಾದರೆ ಕರಾರುಪತ್ರದಲ್ಲಿಯೇ ಮಾಡತಕ್ಕದ್ದು.

3. ಕ್ರಮಾಂಕದ ಮಹತ್ವ

ಅಂಶಗಳ ಹೆಸರುಗಳು ಮನುಷ್ಯರ ಅನುಕೂಲಕ್ಕಾಗಿ ಮಾತ್ರ. ತಂತಿಯ ಮೇಲೆ ಹೋಗುವುದು ಕ್ರಮಾಂಕ. 300 ಎಂಬ ಮೊತ್ತವು ಹೇಗೆ ಸಾಗುತ್ತದೆಂದು ನೋಡೋಣ. ಮೊದಲು ಶಿರೋನಾಮೆಯ ಬೈಟು: ಕ್ರಮಾಂಕವನ್ನು 8ರಿಂದ ಗುಣಿಸಿ, ಮೌಲ್ಯದ ಜಾತಿಯನ್ನು ಸೂಚಿಸುವ ಅಂಕವನ್ನು ಕೂಡಿಸಬೇಕು. ಪೂರ್ಣಾಂಕದ ಜಾತಿಗೆ 0. ಆದ್ದರಿಂದ 3×8+0, ಎಂದರೆ 24. ಅನಂತರ ಮೌಲ್ಯ: 300ನ್ನು 128ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 44. ಇನ್ನೂ ಬೈಟು ಬಾಕಿಯಿದೆ ಎಂಬುದರ ಗುರುತಾಗಿ ಶೇಷಕ್ಕೆ 128ನ್ನು ಕೂಡಿಸಿದರೆ 172, ಆಮೇಲೆ 2. ಹೀಗೆ 24, 172, 2 ಎಂಬ ಮೂರೇ ಬೈಟುಗಳಲ್ಲಿ ಕ್ರಮಾಂಕವೂ ಮೌಲ್ಯವೂ ಅಡಕವಾದುವು. 1ರಿಂದ 15ರವರೆಗಿನ ಕ್ರಮಾಂಕಗಳಿಗೆ ಶಿರೋನಾಮೆಯು ಒಂದೇ ಬೈಟಿನಲ್ಲಿ ಮುಗಿಯುತ್ತದೆಯಾಗಿ, ಪದೇ ಪದೇ ಬರುವ ಅಂಶಗಳಿಗೆ ಅವನ್ನು ಮೀಸಲಿಡುವುದು ಮೇಲು.

ಈ ಮಿತವ್ಯಯಕ್ಕೆ ಒಂದು ಬೆಲೆಯುಂಟು. ಬೈಟುಗಳಲ್ಲಿ ‘ಮೊತ್ತ’ ಎಂಬ ಮಾತೇ ಇಲ್ಲ. ಮುಂದಿನ ವರ್ಷ ಯಾರೋ ಮೊತ್ತವನ್ನು ಕರಾರಿನಿಂದ ತೆಗೆದುಹಾಕಿ, ಬಿಡುವಾದ 3ನ್ನು ‘ರಿಯಾಯಿತಿ’ಗೆ ಕೊಟ್ಟರೆಂದು ಭಾವಿಸೋಣ. ಹೊಸ ಕರಾರಿನ ಸರ್ವರಿಗೆ ಹಳೆಯ ಆ್ಯಪಿನಿಂದ 24, 172, 2 ಬಂದರೆ, 300 ರೂಪಾಯಿಯ ಪಾವತಿಯು 300 ರೂಪಾಯಿಯ ರಿಯಾಯಿತಿಯಾಗಿ ಓದಿಕೊಳ್ಳುತ್ತದೆ. ಸಂಕಲಕವು ಆಕ್ಷೇಪಿಸದು, ದೋಷಸಂದೇಶವೂ ಬಾರದು.

ಸರ್ವರನ್ನು ಒಂದು ರಾತ್ರಿಯಲ್ಲಿ ಬದಲಾಯಿಸಬಹುದು. ಆದರೆ ಜನರ ಜೇಬಿನಲ್ಲಿರುವ ಆ್ಯಪುಗಳನ್ನು ಹಿಂದಕ್ಕೆ ಕರೆಸಲಾಗದು. ಎರಡು ವರ್ಷದ ಹಿಂದಿನ ಪ್ರತಿಯನ್ನೇ ಬಳಸುವವರು ಇದ್ದೇ ಇರುತ್ತಾರೆ. ಆದುದರಿಂದ ಹೊಸ ಅಂಶಕ್ಕೆ ಹೊಸ ಕ್ರಮಾಂಕವನ್ನು ಕೊಡಬೇಕು. ತೆಗೆದ ಅಂಶದ ಕ್ರಮಾಂಕವನ್ನು ಮೀಸಲೆಂದು ಕರಾರಿನಲ್ಲಿಯೇ ಘೋಷಿಸಬೇಕು. ಹಾಗೆ ಘೋಷಿಸಿದ್ದನ್ನು ಮರುಬಳಸಲು ಸಂಕಲಕವು ಬಿಡುವುದಿಲ್ಲ. ತನಗೆ ತಿಳಿಯದ ಕ್ರಮಾಂಕವನ್ನು ಕಂಡ ಹಳೆಯ ಆ್ಯಪು ಅದನ್ನು ದಾಟಿ ಮುಂದೆ ಓದುತ್ತದೆ. ಈ ಗುಣದಿಂದಲೇ ಹಳೆಯದೂ ಹೊಸದೂ ಜತೆಯಾಗಿ ಬಾಳಲು ಸಾಧ್ಯ.

4. ಆ್ಯಪಿಗೆ ಜೋಡಣೆ

ಜೋಡಣೆಯಲ್ಲಿ ಮುಖ್ಯವಾಗಿ ಗಮನಿಸತಕ್ಕವು ನಾಲ್ಕು.

ಮೊದಲನೆಯದು, ಆವೃತ್ತಿಗಳ ಹೊಂದಾಣಿಕೆ. ಜನಕವು ಬರೆದ ಭಾಗವು ಒಂದು ಆಧಾರ ಲೈಬ್ರರಿಯನ್ನು ನೆಚ್ಚಿಕೊಂಡಿರುತ್ತದೆ. ಎರಡರ ಆವೃತ್ತಿಗಳೂ ಹೊಂದುವಂತೆ ನಿಗದಿಪಡಿಸಿ, ಆ್ಯಪನ್ನು ಕಟ್ಟುವಾಗಲೆಲ್ಲ ಜನಕವು ತಾನಾಗಿಯೇ ನಡೆಯುವಂತೆ ಏರ್ಪಡಿಸುವುದು ಕ್ಷೇಮ.

ಎರಡನೆಯದು, ಗಾತ್ರ. ಆಂಡ್ರಾಯ್ಡಿಗಾಗಿ ಪ್ರೋಟೊಕಾಲ್ ಬಫರ್ಸಿನ ‘ಲೈಟ್’ ಎಂಬ ಹಗುರ ರೂಪವುಂಟು. ಇದು ತನ್ನ ಅಂಶಗಳನ್ನು ಹೆಸರಿನಿಂದ ಹುಡುಕುತ್ತದೆ. ಬಿಡುಗಡೆಯ ಪ್ರತಿಯನ್ನು ಕಿರಿದುಗೊಳಿಸುವ ಸಾಧನವು ಆ ಹೆಸರುಗಳನ್ನು ಬದಲಿಸಿಬಿಟ್ಟರೆ, ಪ್ರಯೋಗಾಲಯದಲ್ಲಿ ಸರಿಯಾಗಿ ನಡೆದ ಆ್ಯಪು ಬಳಕೆದಾರರ ಕೈಯಲ್ಲಿ ಕುಸಿಯುತ್ತದೆ. ಆ ಹೆಸರುಗಳನ್ನು ಉಳಿಸಬೇಕೆಂಬ ನಿಯಮವನ್ನು ಸೇರಿಸಿ, ಬಿಡುಗಡೆಯ ಪ್ರತಿಯನ್ನೇ ಪರೀಕ್ಷಿಸಬೇಕು.

ಮೂರನೆಯದು, ವಾಹಿನಿ. ಸರ್ವರಿನೊಡನೆ ಸಂಪರ್ಕ ಕಟ್ಟಲು ಕಾಲವೂ ವಿದ್ಯುತ್ತೂ ವ್ಯಯವಾಗುತ್ತವೆ. ಜಿಆರ್‌ಪಿಸಿಯ ತಳದಲ್ಲಿರುವ ಎಚ್‌ಟಿಟಿಪಿ 2 ಎಂಬ ನಿಯಮಾವಳಿಯು ಒಂದೇ ಸಂಪರ್ಕದ ಮೇಲೆ ಅನೇಕ ಕರೆಗಳನ್ನು ಒಟ್ಟಿಗೆ ಸಾಗಿಸಬಲ್ಲುದು. ಆದ್ದರಿಂದ ಪ್ರತಿ ಕರೆಗೂ ಹೊಸ ವಾಹಿನಿಯನ್ನು ತೆರೆಯದೆ ಇಡೀ ಆ್ಯಪಿಗೆ ಒಂದನ್ನು ಇಟ್ಟುಕೊಳ್ಳುವುದು ಯುಕ್ತ.

ನಾಲ್ಕನೆಯದು, ಕಾಯುವ ಸ್ಥಳ. ಪರದೆಯನ್ನು ನೋಡಿಕೊಳ್ಳುವ ಮುಖ್ಯ ಎಳೆಯು ದೂರದ ಉತ್ತರಕ್ಕಾಗಿ ಕಾಯುತ್ತ ನಿಂತರೆ ಆ್ಯಪು ಮರಗಟ್ಟುತ್ತದೆ. ಆಂಡ್ರಾಯ್ಡಿನಲ್ಲಿ ಸ್ಪರ್ಶಕ್ಕೆ 5 ಸೆಕೆಂಡುಗಳೊಳಗೆ ಸ್ಪಂದಿಸದ ಆ್ಯಪು ಪ್ರತಿಕ್ರಿಯಿಸುತ್ತಿಲ್ಲವೆಂದು ವ್ಯವಸ್ಥೆಯು ತೀರ್ಮಾನಿಸುತ್ತದೆ. ಆದಕಾರಣ ಜನಕವು ಒದಗಿಸುವ ಕಾಯದ ಪ್ರತಿನಿಧಿಯನ್ನೇ ಆರಿಸಿಕೊಳ್ಳಬೇಕು.

5. ಉತ್ತರ ಬಾರದಿದ್ದರೆ

ಈಗ ಘಟ್ಟದ ಬಸ್ಸಿಗೆ ಹಿಂದಿರುಗೋಣ. ಬಿರೆಲ್ ಮತ್ತು ನೆಲ್ಸನ್ ತಮ್ಮ ಲೇಖನದಲ್ಲಿ ಬಹು ಪ್ರಾಮಾಣಿಕವಾದ ಮಾತೊಂದನ್ನು ಹೇಳಿದ್ದಾರೆ. ಕರೆಗೆ ಉತ್ತರ ಬಂದರೆ ದೂರದ ವಿಧಿಯು ಸರಿಯಾಗಿ ಒಂದು ಸಲ ನಡೆದಿದೆ; ಬದಲಾಗಿ ವೈಫಲ್ಯ ವರದಿಯಾದರೆ ಅದು ಒಂದು ಸಲ ನಡೆದಿರಬಹುದು ಅಥವಾ ನಡೆಯದೆಯೇ ಇರಬಹುದು, ಇವೆರಡರಲ್ಲಿ ಯಾವುದೆಂದು ಕರೆದವನಿಗೆ ತಿಳಿಸಲಾಗುವುದಿಲ್ಲ ಎಂಬುದೇ ಅದರ ಸಾರ. ಕೋರಿಕೆ ಹೋಗುವಾಗ ಕಳೆದುಹೋದುದಕ್ಕೂ ಉತ್ತರ ಬರುವಾಗ ಕಳೆದುಹೋದುದಕ್ಕೂ ಫೋನಿನ ಕಡೆಯಿಂದ ಕಾಣುವ ಲಕ್ಷಣ ಒಂದೇ, ಮೌನ. ಹತ್ತಿರದ ಕರೆಗೂ ದೂರದ ಕರೆಗೂ ಇರುವ ಈ ಅಂತರವನ್ನು ಮರೆಮಾಚಲಾಗದೆಂದು ಸನ್ ಸಂಸ್ಥೆಯ ಜಿಮ್ ವಾಲ್ಡೊ ಮತ್ತು ಸಂಗಡಿಗರು 1994ರಲ್ಲಿ ವಿಸ್ತಾರವಾಗಿ ವಾದಿಸಿದರು.

ಎಷ್ಟು ಹೊತ್ತು ಕಾಯಬೇಕು? 1984ರ ವ್ಯವಸ್ಥೆಯಲ್ಲಿ, ದೂರದ ಯಂತ್ರವು ಸ್ಪಂದಿಸುತ್ತಿರುವ ತನಕ ಕಾಯುವಿಕೆಗೆ ಮಿತಿಯಿರಲಿಲ್ಲ; ಹತ್ತಿರದ ಕರೆಗೆ ಅವಧಿಯಿಲ್ಲದ ಮೇಲೆ ದೂರದ ಕರೆಗೂ ಬೇಡವೆಂದು ಅವರ ಮತ. ಜಿಆರ್‌ಪಿಸಿಯಲ್ಲಿಯೂ ನಾವಾಗಿ ಹೇಳದಿದ್ದರೆ ಗಡುವು ಇರುವುದಿಲ್ಲ. ಚಕ್ರವು ಸುತ್ತುತ್ತಲೇ ಇರುವುದಕ್ಕೆ ಹಲವು ವೇಳೆ ಕಾರಣ ಇದೇ. ಆದ್ದರಿಂದ ಪ್ರತಿಯೊಂದು ಕರೆಗೂ ಗಡುವನ್ನು ವಿಧಿಸಬೇಕು. ಆದರೆ ಗಡುವು ಮೀರಿತೆಂಬ ಸಂಕೇತ ಬಂದಾಗಲೂ ಸರ್ವರಿನಲ್ಲಿ ಕೆಲಸವು ಯಶಸ್ವಿಯಾಗಿ ಮುಗಿದಿರಬಹುದೆಂಬುದನ್ನು ಮರೆಯಬಾರದು.

ಅಂಕಪಟ್ಟಿಯನ್ನು ನೋಡುವಂಥ ಕರೆಯಾದರೆ ಚಿಂತೆಯಿಲ್ಲ. ಹತ್ತು ಸಲ ಕೇಳಿದರೂ ಫಲ ಒಂದೇ. ಶುಲ್ಕಪಾವತಿ ಅಂಥದಲ್ಲ. ಪರಿಹಾರದ ಸುಳಿವು ಹಳೆಯ ಲೇಖನದಲ್ಲಿಯೇ ಇದೆ: ಅಲ್ಲಿ ಪ್ರತಿ ಕರೆಗೂ ಒಂದು ಗುರುತು ಇದ್ದು, ಒಮ್ಮೆ ನೋಡಿದ ಗುರುತು ಮತ್ತೆ ಬಂದರೆ ಸರ್ವರಿನ ಕಡೆಯ ವಾಹಕವು ಕೆಲಸವನ್ನು ಮರಳಿ ಮಾಡುತ್ತಿರಲಿಲ್ಲ. ಇದನ್ನೇ ನಾವು ಕರಾರುಪತ್ರದ ಮಟ್ಟಕ್ಕೆ ಏರಿಸಬೇಕು. ಕೋರಿಕೆಯ ಸಂದೇಶಕ್ಕೆ ‘ಕೋರಿಕೆಯ ಗುರುತು’ ಎಂಬ ನಾಲ್ಕನೆಯ ಅಂಶವನ್ನು ಸೇರಿಸೋಣ. ವಿದ್ಯಾರ್ಥಿನಿಯು ಪಾವತಿಗೆ ತೊಡಗಿದಾಗ ಆ್ಯಪು ಹೊಸ ಗುರುತೊಂದನ್ನು ಹುಟ್ಟಿಸಿ, ಕಳುಹಿಸುವ ಮುನ್ನವೇ ಫೋನಿನಲ್ಲಿ ಬರೆದಿಟ್ಟುಕೊಳ್ಳಬೇಕು. ಸಂಕೇತ ಕಡಿದು ಮತ್ತೆ ಕಳುಹಿಸುವಾಗ, ಆ್ಯಪು ಮುಚ್ಚಿ ತೆರೆದಿದ್ದರೂ ಸಹ, ಅದೇ ಗುರುತನ್ನು ಬಳಸಬೇಕು. ಸರ್ವರು ಪಾವತಿಯನ್ನೂ ಗುರುತನ್ನೂ ಒಂದೇ ವ್ಯವಹಾರವಾಗಿ ದಾಖಲಿಸಿ, ಅದೇ ಗುರುತು ಮತ್ತೆ ಬಂದರೆ ಹಣವನ್ನು ಮುಟ್ಟದೆ ಹಿಂದಿನ ರಸೀತಿಯನ್ನೇ ಕೊಡಬೇಕು. ಪ್ರತಿ ಪ್ರಯತ್ನಕ್ಕೂ ಹೊಸ ಗುರುತನ್ನು ಹುಟ್ಟಿಸುವುದು ಸಾಮಾನ್ಯವಾದ ತಪ್ಪು. ಹಾಗೆ ಮಾಡಿದರೆ ಗುರುತಿದ್ದೂ ಇಲ್ಲದಂತೆಯೇ.

ಉಪಸಂಹಾರ

ಗ್ರಾಹಕ ಲೈಬ್ರರಿಯ ಬಹುಭಾಗವನ್ನು ಇಂದು ಯಂತ್ರವೇ ಬರೆಯುತ್ತದೆ. ಬೈಟುಗಳನ್ನು ಜೋಡಿಸುವುದರಲ್ಲಿ ಅದು ನಮಗಿಂತ ನಿಪುಣ. ಆದರೆ ಎಷ್ಟು ಕಾಲ ಕಾಯಬೇಕು, ಯಾವ ಕರೆಯನ್ನು ಮರಳಿ ಮಾಡಬಹುದು, ಯಾವ ಕ್ರಮಾಂಕವನ್ನು ಎಂದಿಗೂ ಮುಟ್ಟಬಾರದು ಎಂಬ ತೀರ್ಮಾನಗಳನ್ನು ಅದು ಮಾಡಲಾರದು. ಜನಕವನ್ನು ನಡೆಸುವುದು ಅರ್ಧ ಗಂಟೆಯ ಪಾಠ. ಪ್ರಯೋಗಾಲಯದಲ್ಲಿ ಆ ಪಾಠ ಮುಗಿದ ಮೇಲೆ ಅಧ್ಯಾಪಕರು ವಿದ್ಯಾರ್ಥಿಗಳಿಂದ ಇನ್ನೊಂದು ಪ್ರಯೋಗವನ್ನು ಮಾಡಿಸಬೇಕೆಂದು ನಮ್ಮ ಸೂಚನೆ: ಸರ್ವರು ಕೆಲಸ ಮುಗಿಸಿ ಉತ್ತರವಿನ್ನೂ ತಲುಪದಿರುವಾಗ ಜಾಲವನ್ನು ಕಡಿದು, ಮತ್ತೆ ಗುಂಡಿಯನ್ನು ಒತ್ತಿ, ದಾಖಲೆಯಲ್ಲಿ ಎಷ್ಟು ಪಾವತಿಗಳಿವೆಯೆಂದು ಎಣಿಸಲಿ. ಒಂದೇ ಇದ್ದರೆ ಲೈಬ್ರರಿಯ ಜೋಡಣೆ ಮುಗಿಯಿತೆಂದು ತಿಳಿಯಬಹುದು.