ಒಂದು ಕಂಪ್ಯೂಟರ್, ಎರಡು ಒಎಸ್, ಒಂದೇ ಅಂಚೆಪೆಟ್ಟಿಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರ್‌ಗಳಲ್ಲಿ ಎಷ್ಟೋ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಸೇಡಂ ತಾಲ್ಲೂಕಿನ ಮುಧೋಳದಲ್ಲಿ ಕೂತು ಅಂಥದೊಂದು ಯಂತ್ರದಲ್ಲಿ ವ್ಯಾಪಾರ ನಡೆಸುವವರಿಗೆ ಲಿನಕ್ಸ್ ಒಳ್ಳೆಯ ದಾರಿ. ಆದರೆ ಲೆಕ್ಕ ಬರೆಯುವ ಟ್ಯಾಲಿಗೂ ಕನ್ನಡ ಟೈಪಿಸುವ ನುಡಿಗೂ ವಿಂಡೋಸೇ ಬೇಕು. ಹಾಗಾಗಿ ಎರಡೂ ಒಎಸ್ (ಆಪರೇಟಿಂಗ್ ಸಿಸ್ಟಮ್) ಇಟ್ಟುಕೊಳ್ಳಬೇಕಾಗುತ್ತದೆ. ತೊಡಕು ಶುರುವಾಗುವುದು ಇಮೇಲ್‌ನಲ್ಲಿ: ಶಹಾಬಾದ್ ಕಲ್ಲಿನ ಬಿಲ್ಲನ್ನು ವಿಂಡೋಸ್‌ನಿಂದ ಕಳಿಸಿದ್ದರೆ, ಲಿನಕ್ಸ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ನಿಮ್ಮ ಖಾತೆ ಐಮ್ಯಾಪ್ ವಿಧಾನದಲ್ಲಿದ್ದರೆ ಈ ತೊಂದರೆಯೇ ಇಲ್ಲ. ಪತ್ರಗಳು ಸರ್ವರ್‌ನಲ್ಲೇ ಇರುತ್ತವೆ, ಎರಡೂ ಕಡೆ ಖಾತೆ ಜೋಡಿಸಿದರೆ ಸಾಕು. ಪಾಪ್ ವಿಧಾನದಲ್ಲಿ ಹಾಗಲ್ಲ, ಪತ್ರಗಳು ಕಂಪ್ಯೂಟರ್‌ಗೆ ಇಳಿದುಬಿಡುತ್ತವೆ. ಜಿಮೇಲ್‌ನ ಉಚಿತ 15 ಜಿಬಿ ತುಂಬಿತೆಂದು ಹಳೆಯ ಪತ್ರಗಳನ್ನು ಕಂಪ್ಯೂಟರ್‌ಗೆ ಸರಿಸಿದವರದ್ದೂ ಇದೇ ಸ್ಥಿತಿ. ಮುಂದಿನ ಮಾತು ಇವರಿಗಾಗಿ.

ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ ಎರಡೂ ಒಎಸ್‌ಗಳಲ್ಲಿ ಉಚಿತವಾಗಿ ಓಡುತ್ತದೆ. ಪತ್ರ, ವಿಳಾಸ, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲವನ್ನೂ ಅದು 'ಪ್ರೊಫೈಲ್' ಎಂಬ ಒಂದೇ ಫೋಲ್ಡರ್‌ನಲ್ಲಿ ಇಡುತ್ತದೆ. ಆ ಫೋಲ್ಡರನ್ನು ಎರಡೂ ಒಎಸ್‌ಗಳ ಕೈಗೆಟಕುವ ಡಿ ಡ್ರೈವ್‌ನಂಥ ಪ್ರತ್ಯೇಕ ಪಾರ್ಟಿಷನ್‌ನಲ್ಲಿ ಇಟ್ಟರೆ ಕೆಲಸ ಮುಗಿಯಿತು. ಪಾರ್ಟಿಷನ್ ಎನ್‌ಟಿಎಫ್‌ಎಸ್ ಆಗಿರಲಿ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಥಂಡರ್‌ಬರ್ಡ್ ಸಾಮಾನ್ಯವಾಗಿ ಇಡೀ ಇನ್‌ಬಾಕ್ಸನ್ನು ಒಂದೇ ಫೈಲಿನಲ್ಲಿ ಪೇರಿಸಿಡುತ್ತದೆ. ಎಕ್ಸ್‌ಫ್ಯಾಟ್‌ಗೆ ಆ ಮಿತಿ ಇಲ್ಲ ನಿಜ, ಆದರೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಸಾವರಿಸಿಕೊಳ್ಳುವ ಜರ್ನಲ್ ವ್ಯವಸ್ಥೆ ಅದಕ್ಕಿಲ್ಲ. ಯುಪಿಎಸ್ ಇಲ್ಲದ ಅಂಗಡಿಗೆ ನಾನು ಅದನ್ನು ಹೇಳಲಾರೆ.

ವಿಂಡೋಸ್‌ನಲ್ಲಿ ಥಂಡರ್‌ಬರ್ಡ್‌ನ ಹೆಲ್ಪ್ ಮೆನುವಿನ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ತೆರೆದರೆ ಪ್ರೊಫೈಲ್ ಫೋಲ್ಡರ್ ಎಲ್ಲಿದೆಯೆಂದು ತೋರಿಸುತ್ತದೆ. ಥಂಡರ್‌ಬರ್ಡ್ ಮುಚ್ಚಿ, ಆ ಫೋಲ್ಡರನ್ನು ಡಿ ಡ್ರೈವ್‌ಗೆ ಕಾಪಿ ಮಾಡಿ. ಮೂಲವನ್ನು ಸದ್ಯ ಅಳಿಸಬೇಡಿ. ಆಮೇಲೆ ಪ್ರೊಫೈಲ್ ಮ್ಯಾನೇಜರ್‌ನಲ್ಲಿ ಹೊಸ ಪ್ರೊಫೈಲ್ ಮಾಡುವಾಗ 'ಚೂಸ್ ಫೋಲ್ಡರ್' ಒತ್ತಿ ಈ ಕಾಪಿಯನ್ನೇ ತೋರಿಸಿ. ಲಿನಕ್ಸ್‌ನಲ್ಲೂ ಅದೇ ಫೋಲ್ಡರ್ ತೋರಿಸಿ. ಅಲ್ಲಿ ಆ ಪಾರ್ಟಿಷನ್ ಕಂಪ್ಯೂಟರ್ ಶುರುವಾದ ಕೂಡಲೇ ತಾನಾಗಿ ಮೌಂಟ್ ಆಗಬೇಕು, ಇಲ್ಲವಾದರೆ 'ಪ್ರೊಫೈಲ್ ಸಿಗುತ್ತಿಲ್ಲ' ಎಂಬರ್ಥದ ಸಂದೇಶ ಬರುತ್ತದೆ. ಹೆದರಬೇಡಿ, ಪತ್ರ ಎಲ್ಲಿಯೂ ಹೋಗಿಲ್ಲ. ನಿಮ್ಮ ಲಿನಕ್ಸ್ ಉಬುಂಟು ಆಗಿದ್ದರೆ, ಅದರ 24.04 ಆವೃತ್ತಿಯಿಂದ ಥಂಡರ್‌ಬರ್ಡ್ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುತ್ತಿದೆ. ಬೇರೆ ಪಾರ್ಟಿಷನ್ ಮುಟ್ಟಲು ಅದಕ್ಕೆ ಪ್ರತ್ಯೇಕ ಅನುಮತಿ ಕೊಡಬೇಕಾಗಬಹುದು.

ಹೆಚ್ಚಿನವರು ಮುಗ್ಗರಿಸುವುದು ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟ್‌ಅಪ್'ನಲ್ಲಿ. ಅದು ಚಾಲೂ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಗೆ ಜಾರುತ್ತದೆ, ಡ್ರೈವ್‌ನ ಹಿಡಿತವನ್ನೂ ಬಿಡುವುದಿಲ್ಲ. ಆಗ ಲಿನಕ್ಸ್ ಆ ಪಾರ್ಟಿಷನ್ನನ್ನು ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಬಲವಂತವಾಗಿ ಬರೆದರೆ ಪತ್ರಗಳು ಹಾಳಾಗಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕೆಂಬ ಪುಟದಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್‌ನ ಟಿಕ್ ತೆಗೆಯಿರಿ. ಹೈಬರ್ನೇಟ್ ಮಾಡಿಯೂ ಇನ್ನೊಂದು ಒಎಸ್‌ಗೆ ಹೋಗಬೇಡಿ. ಇದೊಂದು ಆಗದೆ ಉಳಿದದ್ದೆಲ್ಲ ಮಾಡಿ ಪ್ರಯೋಜನವಿಲ್ಲ.

ಎರಡೂ ಕಡೆ ಥಂಡರ್‌ಬರ್ಡ್ ಆವೃತ್ತಿ ಒಂದೇ ಇರಲಿ. ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯದು ತೆರೆಯಲು ಒಪ್ಪದೆ ಹೊಸ ಪ್ರೊಫೈಲ್ ಮಾಡಿಕೊಳ್ಳಿ ಎನ್ನುತ್ತದೆ. ದೀರ್ಘಾವಧಿ ಬೆಂಬಲದ ಇಎಸ್‌ಆರ್ ಆವೃತ್ತಿಯನ್ನೇ ಎರಡರಲ್ಲೂ ಹಾಕಿಕೊಂಡರೆ ಈ ಕಿರಿಕಿರಿ ಕಡಿಮೆ.

ಇನ್ನು ಕನ್ನಡ. ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬರೆದ ಪತ್ರ, ಆ ಫಾಂಟ್ ಇಲ್ಲದ ಲಿನಕ್ಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಪತ್ರ ಕೆಟ್ಟಿತೆಂದು ಅಳಿಸಬೇಡಿ, ವಿಂಡೋಸ್‌ನಲ್ಲಿ ತೆರೆದು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಹೊಸ ಪತ್ರಗಳನ್ನು ಯೂನಿಕೋಡ್‌ನಲ್ಲೇ ಬರೆದರೆ ಎರಡೂ ಕಡೆ ಓದಬಹುದು, ಹೆಸರು ಹಾಕಿ ಹುಡುಕಿದರೆ ಸಿಗುತ್ತವೆ ಕೂಡ.